ಭಾಷಣಕ್ಕೆ ಕೊಟ್ಟ ಕರೆಂಟು

ಓಬಳಪ್ಪನ ಗಾಡಿಗೆ ಜನರೇಟರ್ ಇರಲಿಲ್ಲ.

ಇದ್ದದ್ದನ್ನು ರಿಪೇರಿಗೆಂದು ಬಿಚ್ಚಿಕೊಂಡು ಹೋಗಿ ಐದು ತಿಂಗಳಾಗಿತ್ತು. ಅದು ಕೂರುತ್ತಿದ್ದ ಜಾಗದಲ್ಲಿ ಈಗ ಪೊರಕೆ, ಬಕೆಟ್ಟು, ಒಂದು ಮುರುಕು ಸ್ಟೂಲು ಇದ್ದವು. ಅದು ರಕ್ತದ ಗಾಡಿ. ಆರು ಚಕ್ರದ ಲಾರಿಯ ಮೇಲೆ ಬಸ್ಸಿನಂತೆ ಬಾಡಿ ಕಟ್ಟಿಸಿ, ಒಳಗೆ ಒರಗಿ ರಕ್ತ ಕೊಡಲು ನಾಲ್ಕು ಕುರ್ಚಿ, ಕೊಟ್ಟ ರಕ್ತ ಇಡಲು ಒಂದು ದೊಡ್ಡ ಫ್ರಿಜ್ಜು ಹಾಕಿದ್ದರು. ಜನರೇಟರ್ ಹೋದ ಮೇಲೆ ಫ್ರಿಜ್ಜಿಗೆ ಕರೆಂಟು ಲಾರಿಯಿಂದಲೇ ಬರಬೇಕಾಗಿತ್ತು. ಎಂಜಿನ್ ಓಡುತ್ತಿದ್ದರೆ ಬ್ಯಾಟರಿ ತುಂಬುತ್ತದೆ, ಬ್ಯಾಟರಿಯಿಂದ ಇನ್ವರ್ಟರ್, ಇನ್ವರ್ಟರಿನಿಂದ ಫ್ರಿಜ್ಜು. ಎಂಜಿನ್ ನಿಂತರೆ ಬ್ಯಾಟರಿಯಲ್ಲಿ ಎಷ್ಟಿದೆಯೋ ಅಷ್ಟೇ.

ಈ ವೈರಿಂಗ್ ಮಾಡಿದವನು ಓಬಳಪ್ಪನೇ. ರಕ್ತನಿಧಿಯಲ್ಲಿ ಡ್ರೈವರ್ ಆಗುವ ಮುಂಚೆ ಹನ್ನೊಂದು ವರ್ಷ ಕಲಾಸಿಪಾಳ್ಯದಲ್ಲಿ ಆಟೊ ಎಲೆಕ್ಟ್ರಿಷಿಯನ್ ಆಗಿದ್ದ. ಲಾರಿಯಲ್ಲಿ ಮನಸ್ಸಿಗೆ ಬಂದಂತೆ ವೈರು ಎಳೆದವರ ಗತಿಯನ್ನೆಲ್ಲ ಕಂಡಿದ್ದ. ಫ್ಯೂಸ್ ಇರಬೇಕಾದ ಕಡೆ ಸಿಗರೇಟು ಪ್ಯಾಕಿನ ಬೆಳ್ಳಿಕಾಗದ ಸುತ್ತಿದವರು, ಎರಡು ಬ್ಯಾಟರಿಯಲ್ಲಿ ಒಂದರಿಂದಲೇ ಹಾಡಿನ ಪೆಟ್ಟಿಗೆಗೆ ಎಳೆದು ಎರಡನ್ನೂ ಕೊಂದವರು, ಸೀಟಿನಡಿ ವೈರು ಹೊತ್ತಿಕೊಂಡು ರಸ್ತೆಗೆ ಹಾರಿದವರು. ಅದಕ್ಕೇ ತನ್ನ ಗಾಡಿಯಲ್ಲಿ ಸ್ಟಾರ್ಟ್ ಮಾಡುವ ಬ್ಯಾಟರಿ ಬೇರೆ, ಫ್ರಿಜ್ಜಿನ ಬ್ಯಾಟರಿ ಬೇರೆ ಇಟ್ಟಿದ್ದ. ಬ್ಯಾಟರಿಯಿಂದ ಗೇಣುದ್ದದೊಳಗೆ ಫ್ಯೂಸ್ ಹಾಕಿದ್ದ. ವೈರು ತಗಡು ದಾಟುವ ಕಡೆಯೆಲ್ಲ ಉಜ್ಜದಂತೆ ರಬ್ಬರ್ ಬಳೆ ತೊಡಿಸಿದ್ದ. ಇನ್ವರ್ಟರಿನ ಪೆಟ್ಟಿಗೆಯ ಮೇಲೆ ಬಿಳಿ ಪೇಂಟಿನಲ್ಲಿ ಬರೆದಿದ್ದ: ಫ್ರಿಜ್, ಚೀಲ ತೂಗುವ ಮಷಿನ್, ಎರಡು ಲೈಟ್. ಬೇರೆ ಏನೂ ಹಾಕಬಾರದು.

ಏಪ್ರಿಲ್ ತಿಂಗಳ ಆ ಭಾನುವಾರ ಗಾಡಿ ತ್ಯಾಗರಾಜನಗರದಲ್ಲಿ ನಿಂತಿತ್ತು. ಮನೋಹರ್ ಎಂಬಾತನ ಹುಟ್ಟುಹಬ್ಬ. ಸೈಟು ಮಾರುವ ವ್ಯವಹಾರ, ಮುಂದಿನ ಚುನಾವಣೆಗೆ ವಾರ್ಡಿನಲ್ಲಿ ನಿಲ್ಲುವ ಆಸೆ. ಇಂಥವರು ಹುಟ್ಟಿದ ದಿನ ಬೇರೆಯವರು ರಕ್ತ ಕೊಡುವುದು ಈ ಊರಿನಲ್ಲಿ ಈಗ ಪದ್ಧತಿಯಾಗಿದೆ. ರಸ್ತೆಗೆ ಅಡ್ಡಲಾಗಿ ಶಾಮಿಯಾನ, ಎರಡಾಳೆತ್ತರದ ಫ್ಲೆಕ್ಸು, ಕ್ರೇನಿಗೆ ನೇತುಹಾಕಿದ ಸೇಬಿನ ಹಾರ.

"ಓಬಳಣ್ಣ, ಇವತ್ತು ಒಂದ್ ಚೀಲನೂ ಹಾಳಾಗ್‌ಬಾರ್ದು" ಎಂದು ಟೆಕ್ನಿಷಿಯನ್ ಜ್ಯೋತಿಲಕ್ಷ್ಮಿ ಬೆಳಿಗ್ಗೆಯೇ ಹೇಳಿದ್ದಳು. "ನಮ್ಮಲ್ಲಿ ಸ್ಟಾಕ್ ಖಾಲಿ. ಮಂಗಳವಾರ ಥಲಸ್ಸೀಮಿಯಾ ಮಕ್ಕಳು ಬರ್ತವೆ, ಹದಿನೆಂಟು."

ಆ ಮಕ್ಕಳನ್ನು ಓಬಳಪ್ಪ ಬಲ್ಲ. ಅವುಗಳ ಮೈಯಲ್ಲಿ ಬೇಕಾದಷ್ಟು ರಕ್ತ ಹುಟ್ಟುವುದಿಲ್ಲ. ಮೂರು ನಾಲ್ಕು ವಾರಕ್ಕೊಮ್ಮೆ ಬೇರೆಯವರದ್ದನ್ನು ಹಾಕಿಸಿಕೊಂಡೇ ಬದುಕಬೇಕು. ಬರುವಾಗ ಮುಖ ಸುಣ್ಣದಂತಿರುತ್ತದೆ, ಸಂಜೆ ಹೋಗುವಾಗ ಕಾರಿಡಾರಿನಲ್ಲಿ ಓಡುತ್ತವೆ.

ಜನ ಚೆನ್ನಾಗಿಯೇ ಬಂದರು. ಹೆಚ್ಚಿನವರು ಮನೋಹರನನ್ನು ಕಂಡವರೇ ಅಲ್ಲ. ಶೇಷಾದ್ರಿಪುರಂ ಹಾಸ್ಟೆಲಿನ ಹುಡುಗರು, ಆಟೊದವರು, ಅವೆನ್ಯೂ ರಸ್ತೆಯಲ್ಲಿ ಪುಸ್ತಕದ ಬಂಡಲು ಹೊರುವ ಕಾಳಪ್ಪ. ಕಾಳಪ್ಪನಿಗೆ ಇದು ಮೊದಲ ಸಲ. ಸೂಜಿ ಚುಚ್ಚುವಾಗ ಕಣ್ಣು ಮುಚ್ಚಿಕೊಂಡವನು, ಚೀಲ ತುಂಬಿದ ಮೇಲೆ ಅದನ್ನೇ ನೋಡುತ್ತ, "ಇಷ್ಟೊಂದು ಕೆಂಪಗಿದ್ಯಾ ನಂದು! ನಾನೇನೋ ಬರೀ ಟೀ ಇರತ್ತೆ ಅನ್ಕೊಂಡಿದ್ದೆ" ಎಂದ. ಕುರ್ಚಿಯಲ್ಲಿದ್ದವರೆಲ್ಲ ನಕ್ಕರು.

ಹತ್ತೂಮುಕ್ಕಾಲಿಗೆ ಹೊರಗೆ ಡಬ್ ಎಂದಿತು. ಶಾಮಿಯಾನದವರು ಬೀದಿಯ ಕಂಬಕ್ಕೆ ಕೊಕ್ಕೆ ಹಾಕಿ ಕರೆಂಟು ಎಳೆದಿದ್ದರು. ಕೊಕ್ಕೆ ಸುಟ್ಟು ಇಡೀ ಬೀದಿಯ ಕರೆಂಟು ಹೋಯಿತು. ಎರಡು ನಿಮಿಷದಲ್ಲಿ ಶಶಿಕಿರಣ್ ಗಾಡಿಯ ಬಾಗಿಲಿಗೆ ಬಂದ. ಮನೋಹರನ ಎಲ್ಲ ಕಾರ್ಯಕ್ರಮದ ಉಸ್ತುವಾರಿ ಅವನದೇ. ಬಿಳಿ ಶರ್ಟು, ಕೈಯಲ್ಲಿ ಮೈಕ್ ಸೆಟ್ಟಿನ ಪ್ಲಗ್ಗು.

"ಅಂಕಲ್, ಒಂದ್ ಪಾಯಿಂಟ್ ಕೊಡಿ. ಅಣ್ಣ ಬರ್ತಾವ್ರೆ."

"ಆಗಲ್ಲಪ್ಪ. ಇದು ಫ್ರಿಜ್ಜಿಗೆ ಮಾತ್ರ."

"ಇಷ್ಟ್ ದೊಡ್ ಲಾರಿ ಇಟ್ಕೊಂಡು ಒಂದ್ ಮೈಕಿಗೆ ಕರೆಂಟಿಲ್ವಾ ಗುರು?"

"ಲಾರಿ ದೊಡ್ದು. ಬ್ಯಾಟ್ರಿ ದೊಡ್ದಲ್ಲ."

"ಗಣೇಶನ್ ಟೈಮಲ್ಲಿ ನಮ್ ಹುಡುಗ್ರು ಲಾರಿ ಬ್ಯಾಟ್ರಿಲಿ ಡಿಜೆನೇ ಹಾಕ್ತಾರೆ."

"ಅವ್ರು ಪಕ್ಕದಲ್ಲಿ ರಕ್ತ ಇಟ್ಕೊಂಡಿರಲ್ಲ" ಎಂದ ಓಬಳಪ್ಪ.

ಶಶಿಕಿರಣ್ ಅವನೊಡನೆ ಮಾತು ಮುಂದುವರಿಸಲಿಲ್ಲ. ನೇರ ಡಾಕ್ಟರ್ ಗೌರೀಶರ ಹತ್ತಿರ ಹೋದ. ಕ್ಯಾಂಪಿನ ಜವಾಬ್ದಾರಿ ಅವರದು. ಅವರು ಅರ್ಧ ಇಡ್ಲಿ ಬಿಟ್ಟು ಎದ್ದು ಬಂದರು.

"ಕೊಟ್ಬಿಡಪ್ಪ ಓಬಳಪ್ಪ. ಕ್ಯಾಂಪ್ ಅವರ್ದು. ಮುಂದಿನ ಸಲ ಕರೀಬೇಕೋ ಬೇಡ್ವೋ ನಮ್ಮನ್ನ?"

"ಸಾರ್, ಎಂಜಿನ್ ಓಡ್ತಿದ್ರೆ ಮೈಕ್ ಒಂದನ್ನ ತಡ್ಕೊಳತ್ತೆ. ಅದ್ ಬಿಟ್ಟು ಇನ್ನೇನೂ ಹಾಕ್ಬಾರ್ದು. ಎಂಜಿನ್ನೂ ನಿಲ್ಲಿಸ್ಬಾರ್ದು."

"ಯಾರಪ್ಪ ನಿಲ್ಲಿಸ್ತಾರೆ?" ಎಂದು ಡಾಕ್ಟರು ಇಡ್ಲಿಗೆ ಮರಳಿದರು.

ಹತ್ತು ನಿಮಿಷವೂ ಆಗಿರಲಿಲ್ಲ, ಇನ್ವರ್ಟರ್ ಕಿರುಚಿ ನಿಂತಿತು. ಓಬಳಪ್ಪ ಓಡಿ ಬಂದು ನೋಡಿದರೆ ಮೈಕಿನ ಪಕ್ಕದ ಪಾಯಿಂಟಿಗೆ ಕಾಫಿ ಕಾಯಿಸುವ ದೊಡ್ಡ ಡ್ರಮ್ಮಿನ ವೈರು ಚುಚ್ಚಿದ್ದರು. ಅದನ್ನು ಕಿತ್ತು ಕಿಟಕಿಯಿಂದ ಹೊರಗೆಸೆದ.

"ಮೂರು ಸಾವಿರ ವ್ಯಾಟ್ ಕಣ್ರೋ ಅದು! ಇನ್ವರ್ಟರೇ ಎರಡು ಸಾವಿರದ್ದು. ಓದೋಕ್ ಬರಲ್ವಾ? ಬರ್ದಿದೀನಲ್ಲ ಇಷ್ಟಗಲ!"

"ಕಾಫಿ ನಿಮಗೂ ಸೇರಿಸೇ ಮಾಡಿಸ್ತಿರೋದು, ಯಾಕ್ ಹಂಗಾಡ್ತೀರ?" ಎಂದಿತು ಹೊರಗಿನ ಒಂದು ದನಿ.

ಓಬಳಪ್ಪ ಇನ್ವರ್ಟರನ್ನು ಮತ್ತೆ ಎಬ್ಬಿಸಿದ. ಫ್ರಿಜ್ಜು ಗುಂಯ್ಗುಟ್ಟಿತು. ನಾಲ್ಕು ಡಿಗ್ರಿ. ಉಸಿರು ಬಿಟ್ಟ.

ಹನ್ನೊಂದೂಕಾಲಿಗೆ ಮನೋಹರ ಬಂದ. ಪಟಾಕಿ, ಹಾರ, ಆಮೇಲೆ ಭಾಷಣ. ಎರಡು ವಾಕ್ಯ ಆಗುವಷ್ಟರಲ್ಲಿ ಶಶಿಕಿರಣ್ ಓಡಿ ಬಂದ. ಭಾಷಣ ಫೋನಿನಲ್ಲಿ ಲೈವ್ ಹೋಗುತ್ತಿತ್ತಂತೆ. ಅಣ್ಣನ ಮಾತಿಗಿಂತ ಲಾರಿಯ ಸದ್ದೇ ಜಾಸ್ತಿ ಕೇಳುತ್ತಿತ್ತಂತೆ. ಹೊಗೆಯೂ ಕಾಣುತ್ತಿತ್ತಂತೆ.

"ಎಂಜಿನ್ ಆಫ್ ಮಾಡಿ."

"ಆಗಲ್ಲ. ಬೇಕಾದ್ರೆ ಮೈಕ್ ಕಿತ್ಕೊಳ್ಳಿ."

"ಅರ್ಧ ಗಂಟೆ ಅಂಕಲ್."

"ಐದು ನಿಮಿಷನೂ ಆಗಲ್ಲ."

ಶಶಿಕಿರಣ್ ನಕ್ಕ. ಕ್ಯಾಬಿನ್ನಿನ ಮೆಟ್ಟಿಲು ಹತ್ತಿ, ಕೈ ಚಾಚಿ, ಕೀ ತಿರುಗಿಸಿ ಎಳೆದುಕೊಂಡು ಜೇಬಿಗಿಳಿಸಿದ. ಲಾರಿ ನಡುಗಿ ಸುಮ್ಮನಾಯಿತು.

ಓಬಳಪ್ಪ ಅವನ ಹಿಂದೆ ಹೋಗಲಿಲ್ಲ. ಗಾಡಿಯೊಳಗೆ ಹೋಗಿ ಮೈಕಿನ ಪ್ಲಗ್ಗನ್ನು ಕಿತ್ತ. ಹೊರಗೆ ಮನೋಹರನ ಬಾಯಿ ಆಡುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಆ ಕ್ಷಣ ಓಬಳಪ್ಪನಿಗೆ ನಿಜಕ್ಕೂ ಹಿತವಾಯಿತು. ಆದರೆ ಮೂರು ಜನ ಒಳಗೆ ನುಗ್ಗಿದರು. ಒಬ್ಬ ಪ್ಲಗ್ಗು ಮತ್ತೆ ಚುಚ್ಚಿದ. ಇಬ್ಬರು ಓಬಳಪ್ಪನ ತೋಳು ಹಿಡಿದು ಕೆಳಗಿಳಿಸಿ ಗಾಡಿಯ ತಗಡಿಗೆ ಒತ್ತಿ ನಿಲ್ಲಿಸಿದರು.

"ಯೋ, ಯಾವ್ ಏರಿಯಾನೋ ನಿಂದು?"

"ಚಾಮರಾಜಪೇಟೆ."

"ಚಾಮರಾಜಪೇಟೆಲಿ ಎಲ್ಲಿ?"

ಆ ಎರಡನೆಯ ಪ್ರಶ್ನೆ ಯಾಕೆ ಬರುತ್ತದೆಂದು ಓಬಳಪ್ಪನಿಗೆ ಗೊತ್ತಿತ್ತು. ಬೀದಿಯ ಹೆಸರು ಹೇಳಿದರೆ ಜಾತಿ ಹೇಳಿದಂತೆ.

"ಬಿಡ್ರಿ ಅವ್ರನ್ನ!" ಜ್ಯೋತಿಲಕ್ಷ್ಮಿ ಮೇಲಿನಿಂದ ಕೂಗಿದಳು. "ಡಾಕ್ಟ್ರೇ, ಏನ್ ನೋಡ್ತಿದೀರ? ಫ್ರಿಜ್ ನಿಲ್ಲತ್ತೆ!"

"ಗಲಾಟೆ ಬೇಡಮ್ಮ. ಭಾಷಣ ಇನ್ನೇನ್ ಮುಗೀತು" ಎಂದರು ಡಾಕ್ಟರು.

ಭಾಷಣ ಮುಗಿಯಲಿಲ್ಲ. ಒಬ್ಬ ಇನ್ವರ್ಟರಿನ ಪಕ್ಕ ಸ್ಟೂಲು ಹಾಕಿಕೊಂಡು ಕಾವಲು ಕೂತ. ರಕ್ತದಾನವೆಂದರೆ ಜೀವದಾನ ಎಂದು ಮನೋಹರ ಮೂರು ಸಲ ಹೇಳಿದ, ಮೂರು ಸಲವೂ ಫ್ರಿಜ್ಜಿನ ಕರೆಂಟಿನಲ್ಲೇ ಹೇಳಿದ. ಹನ್ನೆರಡೂ ಇಪ್ಪತ್ತಕ್ಕೆ ಬ್ಯಾಟರಿ ಇಳಿಯುತ್ತಿದೆ ಎಂದು ಇನ್ವರ್ಟರ್ ಬೀಪ್ ಬೀಪ್ ಎನ್ನತೊಡಗಿತು. ಕಾವಲಿನವನು ಹೆಗಲ ಮೇಲಿನ ಟವೆಲನ್ನು ಅದರ ಬಾಯಿಗೆ ತುರುಕಿದ. ಹನ್ನೆರಡೂ ಮೂವತ್ತೈದಕ್ಕೆ ಎಲ್ಲವೂ ಒಟ್ಟಿಗೆ ನಿಂತಿತು. ಲೈಟು, ಮೈಕು, ಫ್ರಿಜ್ಜು. ಜನ ಚಪ್ಪಾಳೆ ತಟ್ಟಿದರು. ಭಾಷಣ ಮುಗಿಯಿತೆಂದುಕೊಂಡರು.

ಕೇಕು ಕತ್ತರಿಸಿ, ಒಂಬತ್ತು ಕಾರುಗಳಲ್ಲಿ ಎಲ್ಲರೂ ಊಟಕ್ಕೆ ಹೊರಟುಹೋದರು. ಓಬಳಪ್ಪನನ್ನು ಹಿಡಿದಿದ್ದವರು ಕೈ ಬಿಟ್ಟು ಓಡಿ ಕೊನೆಯ ಕಾರು ಹತ್ತಿದರು. ಲಾರಿಯ ಕೀ ಶಶಿಕಿರಣನ ಜೇಬಿನಲ್ಲೇ ಹೋಗಿಬಿಟ್ಟಿತ್ತು. ಓಬಳಪ್ಪ ಡಾಕ್ಟರಿಂದ ನಂಬರು ಪಡೆದು ಫೋನು ಮಾಡಿದ. ನಾಲ್ಕನೆಯ ಸಲಕ್ಕೆ ಶಶಿಕಿರಣ್ ಎತ್ತಿದ.

"ಓ, ಕೀ ನಾ? ಜೇಬಲ್ಲೇ ಐತೆ ಗುರು. ಕನಕಪುರ ರೋಡಲ್ಲಿದೀವಿ. ಊಟ ಮುಗಿಸ್ಕೊಂಡು ಯಾರ್ ಕೈಲಾದ್ರೂ ಕಳಿಸ್ತೀನಿ."

"ಊಟ ಆಮೇಲ್ ಮಾಡಯ್ಯ! ಈಗ್ಲೇ ತಿರುಗ್ಸು ಗಾಡೀನ. ರಕ್ತ ಹಾಳಾಗತ್ತೆ."

"ಫ್ರಿಜ್ಜಲ್ಲಿದೆ ತಾನೇ?" ಎಂದು ಅವನು ಫೋನ್ ಇಟ್ಟ.

ಹಳೆಯ ಲಾರಿಯಾಗಿದ್ದರೆ ಓಬಳಪ್ಪ ಎರಡು ವೈರು ಮುಟ್ಟಿಸಿ ಎಬ್ಬಿಸುತ್ತಿದ್ದ. ಇದರ ಕೀಯೊಳಗೆ ಚಿಪ್ ಇತ್ತು, ಅದಿಲ್ಲದೆ ಎಂಜಿನ್ ಏಳದು. ಇನ್ನೊಂದು ಕೀ ಆಫೀಸಿನ ಬೀರುವಿನಲ್ಲಿ, ಬೀರುವಿನ ಕೀ ರಜೆಯಲ್ಲಿದ್ದ ಮ್ಯಾನೇಜರ್ ಮಹಾನಂದನ ಹತ್ತಿರ, ಮಹಾನಂದ ತಿಪಟೂರಿನಲ್ಲಿ. ಬೀದಿಗೆ ಕರೆಂಟು ಬಂದಿರಲಿಲ್ಲ. ಮನೆಮನೆಗೆ ಹೋಗಿ ಕೇಳಿದ. ಒಂದು ಮನೆಯ ಯುಪಿಎಸ್ಸಿನಲ್ಲಿ ಫ್ಯಾನು ಓಡುವಷ್ಟು ಮಾತ್ರ ಉಳಿದಿತ್ತು.

ಕೊನೆಗೆ ಸ್ಟಾರ್ಟ್ ಮಾಡುವ ಬ್ಯಾಟರಿಯಿಂದಲೇ ದಪ್ಪ ಕೇಬಲ್ ಎಳೆದು ಇನ್ವರ್ಟರಿಗೆ ಕೊಟ್ಟ. ಫ್ರಿಜ್ಜು ಎದ್ದಿತು. ಆದರೆ ಆ ಬ್ಯಾಟರಿಯೂ ಖಾಲಿಯಾದರೆ ಕೀ ಬಂದರೂ ಲಾರಿ ಏಳದು. ಮೀಟರು ಹಿಡಿದು ನೋಡುತ್ತ ಕೂತ. ಮೂವತ್ತೈದು ನಿಮಿಷಕ್ಕೆ ಮುಳ್ಳು ಅಪಾಯದ ಗೆರೆಗೆ ಬಂತು. ಕೇಬಲ್ ಕಳಚಿದ, ಫ್ರಿಜ್ಜು ಮತ್ತೆ ನಿಂತಿತು.

ಅಷ್ಟರಲ್ಲಿ ಜ್ಯೋತಿಲಕ್ಷ್ಮಿ ರಕ್ತ ತೆಗೆಯುವುದನ್ನು ನಿಲ್ಲಿಸಿದ್ದಳು. ಅರವತ್ತೆರಡು ಚೀಲ ಆಗಿತ್ತು. ಗಾಡಿಯಲ್ಲಿ ಐಸ್ ಪ್ಯಾಕ್ ಹಾಕಿದ ಡಬ್ಬಿ ಒಂದೇ, ಹಿಡಿಯುವುದು ಹತ್ತು ಚೀಲ. ಅತ್ಯಂತ ತಣ್ಣಗಿದ್ದ ಹತ್ತನ್ನು ಆರಿಸಿ ನರ್ಸ್ ಹರ್ಷಿತಾಳ ಕೈಗೆ ಕೊಟ್ಟು ಆಟೊ ಹತ್ತಿಸಿದಳು. ಮೂಲೆಯ ಜ್ಯೂಸ್ ಅಂಗಡಿಯಿಂದ ಐಸ್ ತರಲೇ ಎಂದು ಓಬಳಪ್ಪ ಕೇಳಿದ.

"ಬೇಡ ಅಣ್ಣ. ಐಸ್ ಚೀಲಕ್ಕೆ ತಾಗಿದ್ರೆ ಒಳಗೆ ರಕ್ತ ಒಡೆದುಹೋಗತ್ತೆ. ಅದು ಇನ್ನೂ ಕೆಟ್ಟದ್ದು."

ನಿಂತ ಗಾಡಿಯ ತಗಡು ಬಿಸಿಲಿಗೆ ಕಾದು ಮುಟ್ಟಲಾಗುತ್ತಿರಲಿಲ್ಲ. ಕೊನೆಗೆ ತುಂಬಿದ ಚೀಲಗಳು ಇನ್ನೂ ಮೈ ಬಿಸಿ ಬಿಟ್ಟಿರಲಿಲ್ಲ. ಫ್ರಿಜ್ಜಿನ ಥರ್ಮಾಮೀಟರು ತನ್ನದೇ ಸೆಲ್ಲಿನಲ್ಲಿ ಓಡುತ್ತ ಆರು, ಏಳೂವರೆ, ಒಂಬತ್ತು ಎಂದು ತೋರಿಸಿತು. ಎರಡೂಮುಕ್ಕಾಲಿಗೆ ಹತ್ತು ದಾಟಿತು. ಹತ್ತು ದಾಟಿದ ರಕ್ತವನ್ನು ಯಾರ ಮೈಗೂ ಏರಿಸುವಂತಿಲ್ಲ. ಹರ್ಷಿತಾ ಟ್ರಾಫಿಕ್ ದಾಟಿ ಎರಡು ಖಾಲಿ ಡಬ್ಬಿಗಳೊಂದಿಗೆ ವಾಪಸು ಬಂದಾಗ ಮೂರೂಕಾಲು. ಕೀ ಬಂದಾಗ ನಾಲ್ಕೂಕಾಲು. ತಂದವನು ಬೈಕಿನಿಂದ ಇಳಿಯದೆ ಎಸೆದು ಹೋದ.

ಡಾಕ್ಟರ್ ಗೌರೀಶ್ ದಾಖಲೆ ಪುಸ್ತಕವನ್ನು ಜ್ಯೋತಿಲಕ್ಷ್ಮಿಯ ಮುಂದೆ ಸರಿಸಿದರು. "ಆರು ಅಂತ ಬರಿ. ಎರಡು ಡಿಗ್ರಿ ಆಚೆ ಈಚೆ ಯಾರಿಗೂ ಏನಾಗಲ್ಲ."

"ಹದಿಮೂರಿದೆ ಸಾರ್."

"ಬರಿ ಅಂದೆ."

"ಅದರಲ್ಲಿ ಹುಳ ಬೆಳೆದಿದ್ರೆ ಮಗು ಸಾಯತ್ತೆ. ನಿಮ್ಮನೆ ಮಗೂಗೆ ಹಾಕ್ತೀರಾ, ಹೇಳಿ, ಈಗ್ಲೇ ಆರು ಅಂತ ಬರೀತೀನಿ."

ಡಾಕ್ಟರು ಓಬಳಪ್ಪನ ಕಡೆ ತಿರುಗಿದರು. "ಎಲ್ಲಾ ನಿನ್ನಿಂದ. ಕೀ ಬಿಟ್ಟು ಇಳಿದವನು ನೀನು."

"ಕರೆಂಟ್ ಕೊಡು ಅಂದವ್ರು ಯಾರು ಸಾರ್?" ಎಂದ ಓಬಳಪ್ಪ. ಥರ್ಮಾಮೀಟರಿನ ಮುಂದೆ ಫೋನು ಹಿಡಿದು ಮೂರು ಫೋಟೊ ತೆಗೆದ. "ಬರಿಯಮ್ಮ, ಹದಿಮೂರು ಪಾಯಿಂಟ್ ನಾಲ್ಕು. ಟೈಮೂ ಹಾಕು. ಯಾರು ಕೀ ಕಿತ್ಕೊಂಡ್ ಹೋದ್ರು ಅನ್ನೋದನ್ನೂ ಬರಿ."

ಅವಳು ಬರೆದಳು. ರಕ್ತ ಹಾಳಾದದ್ದಕ್ಕೆ ಕಾರಣ ಕೇಳಿ ಅವರಿಬ್ಬರಿಗೂ ಆಫೀಸಿನಿಂದ ನೋಟಿಸು ಸೋಮವಾರವೇ ಬಂತು. ಡಾಕ್ಟರಿಗೆ ಬರಲಿಲ್ಲ. ಮನೋಹರನ ಫೇಸ್‌ಬುಕ್ಕಿನಲ್ಲಿ ಅಣ್ಣನ ಹುಟ್ಟುಹಬ್ಬಕ್ಕೆ ಅರವತ್ತೆರಡು ಯೂನಿಟ್ ರಕ್ತದಾನ ಎಂಬ ಫೋಟೊ ಇತ್ತು, ಅದರ ಕೆಳಗೆ ಕೈಮುಗಿದ ಗುರುತುಗಳು ಸಾಲುಗಟ್ಟಿದ್ದವು. ಮಂಗಳವಾರ ಹದಿನೆಂಟು ಮಕ್ಕಳು ಬಂದವು. ಉಳಿದಿದ್ದ ಹತ್ತು ಚೀಲದಲ್ಲಿ ಗುಂಪು ಹೊಂದಿದ್ದು ಏಳಕ್ಕೆ. ಹನ್ನೊಂದು ಮಕ್ಕಳನ್ನು ಬೇರೆ ಕಡೆ ನೋಡಿಕೊಳ್ಳಿ ಎಂದು ವಾಪಸು ಕಳಿಸಿದರು. ಅದೇ ಮಧ್ಯಾಹ್ನ ಜ್ಯೋತಿಲಕ್ಷ್ಮಿ ಫ್ರಿಜ್ಜಿನಲ್ಲಿದ್ದ ಚೀಲಗಳನ್ನು ಒಂದೊಂದಾಗಿ ಎಣಿಸಿ ಹಳದಿ ಕವರಿಗೆ ಹಾಕಿದಳು, ಓಬಳಪ್ಪ ಕವರಿನ ಬಾಯಿ ಕಟ್ಟಿದ. ಸುಡುವುದಕ್ಕೆ ಹೋದದ್ದು ಐವತ್ತೆರಡು ಚೀಲ. ಚೀಲಕ್ಕೆ ಮುನ್ನೂರೈವತ್ತು ಎಂಎಲ್, ಒಟ್ಟು ಹದಿನೆಂಟು ಲೀಟರ್ ಇನ್ನೂರು ಎಂಎಲ್.