ಸೂಲಗಿತ್ತಿ ಬೋರಪ್ಪ

ಅರಕಲಗೂಡಿನ ಹೆರಿಗೆ ಆಸ್ಪತ್ರೆಯಲ್ಲಿ ಆ ಮಂಗಳವಾರ ಬೆಳಿಗ್ಗೆ ನಟರಾಜನದೇ ಡ್ಯೂಟಿ. ಒಳಗೆ ಸೌಜನ್ಯ ಎಂಬ ಚಿಕ್ಕ ವಯಸ್ಸಿನ ಹೆಣ್ಣುಮಗಳು ನೋವು ತಿನ್ನುತ್ತಿದ್ದಳು. ಅವಳ ಅತ್ತೆ ಮಲ್ಲಿಗಮ್ಮ ಬಾಗಿಲಿಗೆ ಬಂದು, "ಸಿಸ್ಟರಮ್ಮಾ, ವಸಿ ಬನ್ನಿ" ಎಂದು ನಟರಾಜನನ್ನೇ ಕರೆದಳು.

ಬೆಂಚಿನ ಮೇಲೆ ಕುಳಿತಿದ್ದ ಗಂಡಸರು ನಕ್ಕರು.

"ನಾನು ಸಿಸ್ಟರ್ ಅಲ್ಲ. ಬ್ರದರ್ ಅನ್ನಿ" ಎಂದ, ಸ್ವಲ್ಪ ಒರಟಾಗಿಯೇ.

"ಅಂಗಂದ್ರೆ ಒಳಗಿರೋಳು ಎದ್ರುಕೊತಾಳೆ ಕಣಪ್ಪ. ಗಂಡಸ್ರು ಬತ್ತಾರಾ ಅಂತ ಒಂದೇ ಸಮ ಅಳ್ತಾವ್ಳೆ. ಸಿಸ್ಟರ್ ಬತ್ತಾರೆ ಅಂದ್ರೆ ಸುಮ್ಕಾಯ್ತಾಳೆ. ಏನಂದ್ರೆ ಏನಪ್ಪ, ನೀನ್ ಬಾ."

ಹನ್ನೊಂದರ ಹೊತ್ತಿಗೆ ಮಗು ಹುಟ್ಟಿತು. ಸೌಜನ್ಯ ಅವನ ಮಣಿಕಟ್ಟು ಹಿಡಿದು, "ಸಿಸ್ಟರ್, ಮಗ ನೆಟ್ಟಗೈತಾ?" ಎಂದು ಕೇಳಿದಳು. ಅವನಿಗೆ ಅವಳನ್ನು ತಿದ್ದಲು ಮನಸ್ಸು ಬರಲಿಲ್ಲ. "ಊಂ ಕಣಮ್ಮ" ಎಂದ.

ಎಂಟು ವರ್ಷದಿಂದ ಈ ಕೆಲಸ ಮಾಡುತ್ತಿದ್ದರೂ ಅದರ ಹೆಸರು ಹೇಳಲು ಅವನಿಗೆ ನಾಚಿಕೆ. ಹೊಳೆನರಸೀಪುರದಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ಅವನ ಅಪ್ಪ ಸಿದ್ದೇಶ್ವರಪ್ಪ, ನೆಂಟರ ಮುಂದೆ "ನಮ್ಮುಡುಗ ಆಸ್ಪತ್ರೇಲಿ ಆಫೀಸರು" ಎನ್ನುತ್ತಿದ್ದರು. ಮಗನ ಕೆಲಸ ಏನು, ಎತ್ತ ಎಂದು ಒಂದು ದಿನವೂ ಕೇಳಿದವರಲ್ಲ. ದೊಡ್ಡಪ್ಪನ ಮಗ ಗೌರೀಶಂಕರನಂತೂ ಮದುವೆಮನೆಗಳಲ್ಲಿ "ಸಿಸ್ಟರ್ ಬಂದ್ರು, ಜಾಗ ಬಿಡ್ರಲಾ" ಎಂದು ನಗಿಸುತ್ತಿದ್ದ. ಎಲ್ಲರೊಂದಿಗೆ ನಟರಾಜನೂ ನಗುತ್ತಿದ್ದ. ಆಮೇಲೆ ಅರ್ಧ ಊಟಕ್ಕೇ ಎದ್ದು ಕೈ ತೊಳೆಯುತ್ತಿದ್ದ.

ಬಿಡುವಿನಲ್ಲಿ ಕಥೆ ಬರೆಯುವ ಅಭ್ಯಾಸ ಅವನಿಗಿತ್ತು. ಮಲ್ಲಿಗಮ್ಮನ ಮಾತು ತಲೆಯಿಂದ ಹೋಗದೆ, ಆ ವಾರ 'ಸೂಲಗಿತ್ತಿ ಬೋರಪ್ಪ' ಎಂಬ ಕಥೆ ಬರೆದು ಮುಗಿಸಿದ. ಕಥೆಯ ಬೋರಪ್ಪ ಸೂಲಗಿತ್ತಿಯೊಬ್ಬಳ ಮಗ. ತಾಯಿ ಹಾಸಿಗೆ ಹಿಡಿದ ಮೇಲೆ, ಅವಳಿಂದ ಕೆಲಸ ಕಲಿತಿದ್ದ ಅವನನ್ನು ಊರಿನವರು ಅಣಕಿಸಿ ಸೂಲಗಿತ್ತಿ ಎಂದು ಕರೆಯುತ್ತಾರೆ. ಒಂದು ದಿನ ಹೆರಿಗೆಯ ಮನೆಯ ಮುಂದೆ ಅವನು ನಿಂತಾಗ ಒಳಗಿನಿಂದ "ಯಾರು?" ಎಂಬ ಪ್ರಶ್ನೆ ಬರುತ್ತದೆ. ಬೋರಪ್ಪ "ಸೂಲಗಿತ್ತಿ" ಎನ್ನುತ್ತಾನೆ. ಬಾಗಿಲು ತೆರೆಯುತ್ತದೆ. ಅಳದೆ ಹುಟ್ಟಿದ ಮಗುವನ್ನು ಅವನು ಬೆನ್ನುಜ್ಜಿ ಅಳಿಸುತ್ತಾನೆ.

ಹಾಸನದ ಸಾಹಿತ್ಯ ಬಳಗವೊಂದರ ಸ್ಪರ್ಧೆಯಲ್ಲಿ ಕಥೆಗೆ ಮೊದಲ ಬಹುಮಾನ ಬಂತು. ಬಳಗದ ಅಧ್ಯಕ್ಷರಾದ ನಿವೃತ್ತ ಮೇಷ್ಟ್ರು ಚನ್ನಪ್ಪನವರು ತಾವೇ ಫೋನ್ ಮಾಡಿದರು.

"ಕಥೆ ಚೆನ್ನಾಗಿದೆ ನಟರಾಜು. ಹೆಸರೊಂದು ಬದಲಾಯಿಸೋಣ. ಗಂಡಸಿಗೆ ಸೂಲಗಿತ್ತಿ ಅಂದ್ರೆ ಓದೋರು ಹಾಸ್ಯಕಥೆ ಅಂದ್ಕೋತಾರೆ. 'ಧನ್ವಂತರಿ ಬೋರಪ್ಪ' ಅಂತ ಇಡಿ, ತೂಕ ಬರುತ್ತೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು."

"ಧನ್ವಂತರಿ ಅಂದಿದ್ರೆ ಬಾಗಿಲು ತೆಗೀತಿರಲಿಲ್ಲ ಸಾ."

"ಅದು ಕಥೆಯೊಳಗೆ ಇರಲಿ ಬಿಡಿ. ಬಹುಮಾನದ ಸಭೆಯ ಆಹ್ವಾನಪತ್ರಿಕೇಲಿ ಯಾಕೆ?"

ಅದನ್ನು ಅಪ್ಪನೂ ನೋಡುತ್ತಾರೆ ಎಂಬುದು ನಟರಾಜನಿಗೆ ನೆನಪಾಯಿತು. "ಆಗ್ಲಿ ಸಾ" ಎಂದುಬಿಟ್ಟ.

ಹೆಂಡತಿ ರಂಜಿತಾ ಬೈಯಲಿಲ್ಲ. "ಬೋರಪ್ಪನ ಕೈಲಿ ಧೈರ್ಯವಾಗಿ ಹೇಳಿಸಿದ್ರಿ. ನಿಮ್ಮ ಸರದಿ ಬಂದಾಗ ಆಗ್ಲಿ ಸಾ ಅಂದ್ರಾ?" ಎಂದಷ್ಟೇ ಕೇಳಿದಳು. ನಟರಾಜನಿಗೆ ಬೋರಪ್ಪನನ್ನು ತಾನೇ ಬಾಗಿಲಿನಾಚೆ ನೂಕಿದಂತಾಯಿತು. ಆಮೇಲಿನ ದಿನಗಳಲ್ಲಿ ವಾರ್ಡಿನಲ್ಲಿ ಯಾರಾದರೂ ಸಿಸ್ಟರ್ ಎಂದರೆ ಅವನ ಮುಖ ತಗ್ಗುತ್ತಿತ್ತು. ಈ ಸಲ ಬೇರೆಯೇ ನಾಚಿಕೆ.

ಭಾನುವಾರ ಹಾಸನದ ಸಭೆಗೆ ಸಿದ್ದೇಶ್ವರಪ್ಪ ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು, ಹೆಗಲಿಗೆ ಟವೆಲ್ ಹಾಕಿಕೊಂಡು ಬಂದಿದ್ದರು. ಜೊತೆಗೆ ಗೌರೀಶಂಕರನೂ ಇದ್ದ. ಕಥೆ ಓದಲು ನಟರಾಜನ ಸರದಿ ಬಂತು, ಮೈಕಿನ ಮುಂದೆ ನಿಂತ. ಕೈಯಲ್ಲಿದ್ದ ಹಾಳೆಯ ನೆತ್ತಿಯ ಮೇಲೆ 'ಧನ್ವಂತರಿ ಬೋರಪ್ಪ' ಎಂದು ಅಚ್ಚಾಗಿತ್ತು. ಅವನಿಗೆ ಅದನ್ನು ಓದಲು ಬಾಯಿ ಬರಲಿಲ್ಲ. ಚನ್ನಪ್ಪನವರು ಕೆಮ್ಮಿದರು.

"ಈ ಕಥೆಗೆ ನಾನಿಟ್ಟ ಹೆಸರು 'ಸೂಲಗಿತ್ತಿ ಬೋರಪ್ಪ'. ಭಯಪಟ್ಟು ಬದಲಾಯಿಸಲು ಒಪ್ಪಿದ್ದೆ, ತಪ್ಪು ನನ್ನದೇ" ಎಂದ ಅವನು. "ನಾನು ಅರಕಲಗೂಡಿನಲ್ಲಿ ಹೆರಿಗೆ ವಾರ್ಡಿನ ನರ್ಸ್. ನನ್ನನ್ನು ಸಿಸ್ಟರ್ ಅಂತ ಕರೀತಾರೆ. ನಾನು ಓ ಅಂತೀನಿ."

ಹಿಂದಿನ ಸಾಲಿನಲ್ಲಿ ನಗು ಎದ್ದಿತು. ಗೌರೀಶಂಕರ ಎದ್ದು ಹೊರಗೆ ಹೋದ. ನಟರಾಜ ಓದತೊಡಗಿದ. ಬೋರಪ್ಪ ಬಾಗಿಲ ಮುಂದೆ ನಿಲ್ಲುವ ಹೊತ್ತಿಗೆ ನಗು ಕಡಿಮೆಯಾಗಿತ್ತು, ಪೂರ್ತಿ ನಿಂತಿರಲಿಲ್ಲ. ಅಪ್ಪ ಮಾತ್ರ ನೆಲ ನೋಡುತ್ತಾ ಕುಳಿತಿದ್ದರು.

ಸಭೆ ಮುಗಿದ ಮೇಲೆ ತಂದೆ ಮಗ ಬಸ್ ನಿಲ್ದಾಣದವರೆಗೆ ನಡೆದರು. ಅಪ್ಪ ಈಗ ಬೈಯುತ್ತಾರೆ, ಆಗ ಬೈಯುತ್ತಾರೆ ಎಂದು ನಟರಾಜ ಕಾಯುತ್ತಿದ್ದ. ಟೀ ಅಂಗಡಿಯ ಮುಂದೆ ಕುಳಿತು ಸಿದ್ದೇಶ್ವರಪ್ಪ ಲೋಟವನ್ನು ಬಹಳ ಹೊತ್ತು ತಿರುಗಿಸಿದರು.

"ಆ ಬೋರಪ್ಪ ಅಳದೇ ಇರೋ ಮಗೀನ ಬೆನ್ನುಜ್ತಾನಲ್ಲ. ಅದು ನಿಜ್ವಾ, ಕತೆಗೆ ಅಂತ ಬರ್ದಿದ್ದಾ?"

"ನಿಜ ಅಪ್ಪಾಜಿ. ಎಷ್ಟೋ ಸಲ ನಾನೇ ಮಾಡಿದೀನಿ."

ಅಪ್ಪ ತಲೆಯಾಡಿಸಿದರು. "ನಿನಗಿಂತ ಮುಂಚೆ ಒಂದು ಎಣ್ಮಗು ಆಗಿತ್ತು ಕಣ್ಲಾ. ಕೊರವಂಗಲದಲ್ಲಿ, ನಿಮ್ಮಜ್ಜಿ ಮನೇಲಿ. ಅಳ್ನಿಲ್ಲ. ನಾನು ಜಗಲಿ ಮ್ಯಾಲೆ ಕುಂತಿದ್ದೆ. ಗಂಡಸ್ರು ಒಳೀಕ್ ಬರ್ಬಾರ್ದು ಅಂದ್ರು, ಕುಂತೇ ಇದ್ದೆ."

ನಟರಾಜನಿಗೆ ಈ ವಿಷಯ ಯಾರೂ ಹೇಳಿರಲಿಲ್ಲ.

"ಎಂಗೆ ಉಜ್ಬೇಕು? ತೋರ್ಸು" ಎಂದರು ಅಪ್ಪ.

ನಟರಾಜ ಅವರ ಹೆಗಲ ಮೇಲಿದ್ದ ಟವೆಲ್ ತೆಗೆದು, ಮಡಿಸಿ, ಮಗುವಿನಷ್ಟು ಉದ್ದ ಮಾಡಿ ಎಡ ಅಂಗೈ ಮೇಲೆ ಮಲಗಿಸಿಕೊಂಡ. ಬೆನ್ನು ಎಲ್ಲಿ, ಕತ್ತು ಎಲ್ಲಿ, ಉಸಿರಿಗೆ ದಾರಿಯಾಗಲು ತಲೆ ಹೇಗಿರಬೇಕು ಎಂದು ತೋರಿಸಿದ. ಆಮೇಲೆ ಅದನ್ನು ಅಪ್ಪನ ಕೈಗೆ ಕೊಟ್ಟ. ಪಾತ್ರೆ ಎತ್ತಿ ಎತ್ತಿ ಒರಟಾಗಿದ್ದ ಆ ಕೈ ಬಟ್ಟೆಯ ಮೇಲೆ ಅಂಜುತ್ತಂಜುತ್ತಾ ಆಡಿತು.

"ವಸಿ ಬಿರುಸಾಗಿ ಅಪ್ಪಾಜಿ" ಎಂದ ನಟರಾಜ. "ಅಳೋವರೆಗೂ."