ಫರ್ನೇಸಿನ ಹಿಂದಿನ ಸೀಸೆ

ಪ್ರಯೋಗಾಲಯದ ಫರ್ನೇಸಿನ ಕೊಳವೆಯಿಂದ ಅತ್ತಿಗೆ ಪುಟ್ಟ ಪಿಂಗಾಣಿ ತಟ್ಟೆಯನ್ನು ಹೊರಗೆಳೆದು ಬೆಳಕಿಗೆ ಹಿಡಿದಳು. (ನಾದಿನಿ ಕರೆಯುವ ಹಾಗೆ ನಾವೂ ಅವಳನ್ನು ಅತ್ತಿಗೆ ಎಂದೇ ಕರೆಯೋಣ.) ಹಳದಿಯಾಗಬೇಕಿದ್ದ ಪುಡಿಯ ಒಂದು ಅಂಚು ಕೆಂಪಾಗಿತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ. ಇವಳಿಗೆ ಬೇಕಾಗಿದ್ದೇ ಹಳದಿ, ಅದೇ ಸರಿಯಾಗಿ ಕಾಣಲಿಲ್ಲ.

ಕೆಲಸ ಹೇಳುವುದಕ್ಕೆ ಸುಲಭ. ಲೋಹದ ಬಿಳಿ ಆಕ್ಸೈಡ್ ಪುಡಿಯನ್ನು ಚೆನ್ನಾಗಿ ಕಾದ ಕೊಳವೆಯಲ್ಲಿಟ್ಟು ಅಮೋನಿಯಾ ಹಾಯಿಸಬೇಕು. ಒಂದಿಷ್ಟು ಆಕ್ಸಿಜನ್ ಹೊರಟುಹೋಗಿ, ಆ ಜಾಗದಲ್ಲಿ ನೈಟ್ರೋಜನ್ ಬಂದು ಕೂತರೆ ಪುಡಿ ಹಳದಿಯಾಗುತ್ತದೆ. ಬಿಸಿಲು ಹೀರಿ ನೀರಿನಿಂದ ಇಂಧನ ಬಿಡಿಸುವುದು ಆ ಹಳದಿಯೇ. ನೈಟ್ರೋಜನ್ ಅತಿಯಾದರೆ ಕೆಂಪು. ಅದಕ್ಕೇ ಅಮೋನಿಯಾವನ್ನು ನೀರಿನ ಸೀಸೆಯೊಂದರಲ್ಲಿ ಗುಳುಗುಳು ಎನಿಸಿ, ತೇವ ಮಾಡಿ ಒಳಗೆ ಬಿಡುವುದು; ತೇವವಿದ್ದರೆ ನೈಟ್ರೋಜನ್ ಮಿತಿ ಮೀರದು. ಸೀಸೆ ಜೋಡಿಸಿದವಳು ಅತ್ತಿಗೆಯೇ. "ನನ್ನ ಸೀಸೆಗೆ ತಿಂಗಳಿಗೊಮ್ಮೆ ನೀರು ಹಾಕಿದ್ರೆ ಸಾಕು" ಎಂದು ಮುಖ್ಯಸ್ಥರೆದುರು ಎದೆಯುಬ್ಬಿಸಿ ಹೇಳಿದ್ದಳು.

ಅನುಮಾನ ಹೋದದ್ದು ನಾದಿನಿಯ ಮೇಲೆ. ಗಂಡನ ತಂಗಿ, ಒಂದೇ ಮನೆ, ಒಂದೇ ಪ್ರಯೋಗಾಲಯ. ಹೊಸ ತಂಡಕ್ಕೆ ಇಬ್ಬರಲ್ಲಿ ಒಬ್ಬಳನ್ನು ಮುಖ್ಯಸ್ಥರು ಮುಂದಾಳು ಮಾಡುವವರಿದ್ದರು. ನಾದಿನಿಯೋ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಫರ್ನೇಸಿನ ಕೋಣೆಗೆ ಹೋಗುತ್ತಾಳೆ, ಒದ್ದೆ ಕೈಯನ್ನು ಕೋಟಿಗೆ ಒರೆಸಿಕೊಳ್ಳುತ್ತ ಹೊರಬರುತ್ತಾಳೆ. ಏನು ಮಾಡ್ತಿದ್ದೆ ಎಂದರೆ "ಏನಿಲ್ಲ ಅತ್ತಿಗೆ" ಅನ್ನುತ್ತಾಳೆ, ಮೇಲೊಂದು ನಗು ಬೇರೆ.

ಪುಡಿ ಕೆಟ್ಟ ದಿನ ಅವಳು ಜ್ವರ ಬಂದು ಮನೆಯಲ್ಲಿ ಮಲಗಿದ್ದಳಲ್ಲ? ಅದೇ ಪುರಾವೆ! ತನ್ನ ಮೇಲೆ ಬರದಿರಲೆಂದು ಮುಂಚೆಯೇ ಏನೋ ಮಾಡಿಟ್ಟಿದ್ದಾಳೆ. ಅವಳ ಹಣೆ ಮುಟ್ಟಿ ನೋಡಿದವಳು ತಾನೇ, ಅದು ಸುಡುತ್ತಿತ್ತು ಎಂಬುದನ್ನು ಅತ್ತಿಗೆ ಜಾಣತನದಿಂದ ಮರೆತಳು. ಅನುಮಾನ ಹೊಕ್ಕ ತಲೆಗೆ ಜ್ವರವೂ ನಾಟಕವೇ.

ಮುಖ್ಯಸ್ಥರ ಕಿವಿಗೆ ಮಾತು ಬಿತ್ತು. ನಾದಿನಿಯಿಂದ ಆ ಕೋಣೆಯ ಕೀಲಿ ಕಿತ್ತುಕೊಂಡು ಅವಳನ್ನು ಕೆಳಗಿನ ಉಗ್ರಾಣಕ್ಕೆ ಹಾಕಿದರು. ಊಟಕ್ಕೆ ಕೂತಾಗ ಗಂಡ, "ನೀನೇ ಹೇಳಿದ್ಯಾ?" ಎಂದ.

"ಬೆಂಕಿ ಇಲ್ದೆ ಹೊಗೆ ಬರುತ್ತಾ?" ಎಂದಳು ಅತ್ತಿಗೆ. ನಾದಿನಿ ತಟ್ಟೆ ಎತ್ತಿಕೊಂಡು ಎದ್ದಳು.

ಮುಂದಿನ ಸಲ ಅಂಚಷ್ಟೇ ಅಲ್ಲ, ತಟ್ಟೆಯ ಅಷ್ಟೂ ಪುಡಿ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. "ಹಾಗಾದ್ರೆ ಇನ್ನೊಂದು ಕೀಲಿ ಇಟ್ಕೊಂಡಿದ್ದಾಳೆ!" ಎಂದು ಹಲ್ಲು ಕಡಿಯುತ್ತ, ಕಿತಾಪತಿಯ ಗುರುತು ಹುಡುಕಲು ಅತ್ತಿಗೆ ಎಷ್ಟೋ ದಿನಗಳ ಮೇಲೆ ಫರ್ನೇಸಿನ ಹಿಂದೆ ಬಗ್ಗಿದಳು. ಸೀಸೆಯಲ್ಲಿ ನೀರು ತಳ ಕಂಡಿತ್ತು. ಅನಿಲದ ನಳಿಗೆಯ ತುದಿ ನೀರಿಗೆ ಮುಟ್ಟದೆ ಮೇಲೇ ಉಳಿದಿತ್ತು. ನೀರು ಎಲ್ಲಿಯವರೆಗೆ ಇರಬೇಕೋ ಅಲ್ಲಿ ಗಾಜಿನ ಮೇಲೆ ನೀಲಿ ಶಾಯಿಯ ಗೆರೆ. ಪಕ್ಕದಲ್ಲಿ ಉದ್ದ ಮೂತಿಯ ನೀರಿನ ಬಾಟಲಿ. ಅದರ ಕುತ್ತಿಗೆಗೆ ನಾದಿನಿ ಕೂದಲಿಗೆ ಹಾಕುವ ರಬ್ಬರ್ ಬ್ಯಾಂಡ್ ಸುತ್ತಿತ್ತು.

ಉಗ್ರಾಣದಲ್ಲಿ ನಾದಿನಿ ಗಾಜಿನ ಸಾಮಾನು ಜೋಡಿಸುತ್ತಿದ್ದಳು.

"ದಿನಾ ನೀರು ತುಂಬ್ತಿದ್ದೋಳು ನೀನಾ? ನನಗ್ಯಾಕೆ ಹೇಳ್ಲಿಲ್ಲ?"

"ಸರ್ ಎದುರು ತಿಂಗಳಿಗೊಮ್ಮೆ ಸಾಕು ಅಂದಿದ್ರಲ್ಲ ಅತ್ತಿಗೆ. ನಿಮ್ಮ ಮಾತು ಉಳೀಲಿ ಅಂತ."

ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಅತ್ತಿಗೆಗೆ. "ಬಾ, ಸರ್ ಹತ್ರ ಹೋಗೋಣ. ತಪ್ಪು ನಂದೇ ಅಂತ ಹೇಳ್ತೀನಿ. ನಿನ್ನ ಕೀಲಿ ವಾಪಸ್ ಕೊಡಿಸ್ತೀನಿ."

"ಹೇಳೋದು ಹೇಳಿ. ಆದ್ರೆ ಕೀಲಿ ನಂಗೆ ಬೇಡ. ಇನ್ನು ನಾನು ಆ ಕೋಣೆಯಿಂದ ಹೊರಗೆ ಬಂದಾಗೆಲ್ಲ ನೀವು ನನ್ನ ಕೈ ನೋಡ್ತೀರಿ."

"ಛೆ, ಇಲ್ಲ ಕಣೇ," ಎಂದಳು ಅತ್ತಿಗೆ. ಹಾಗೆನ್ನುವಾಗಲೂ ಅವಳ ಕಣ್ಣು ನಾದಿನಿಯ ಕೈಯ ಮೇಲೆಯೇ ಇತ್ತು.