ಮೂರನೇ ವಲಯದ ಅಂಚೆದರ

ಅತ್ತಿಗೆ-ನಾದಿನಿಯರೆಂದರೆ ಎಣ್ಣೆ-ಸೀಗೆಕಾಯಿ ಎನ್ನುವ ಮಾತು ಆ ಕಟ್ಟಡದಲ್ಲಿ ಮಾತ್ರ ಸುಳ್ಳಾಗಿತ್ತು. ಎರಡನೇ ಮಹಡಿಯ ಬೈಂಡರಮ್ಮನನ್ನೂ ಮೂರನೇ ಮಹಡಿಯಲ್ಲಿದ್ದ ಅವಳ ನಾದಿನಿಯನ್ನೂ ನೋಡಿದವರು, "ಅಕ್ಕತಂಗಿ ಇವರೇ, ನಡುವೆ ಆ ಗಂಡಸು ಹೊರಗಿಂದ ಬಂದ ಅಳಿಯ" ಎಂದು ನಗುತ್ತಿದ್ದರು. ಬೈಂಡರಮ್ಮನ ಗಂಡ ಲಿಫ್ಟ್ ರಿಪೇರಿ ಮಾಡುವವನು. ಹೆಚ್ಚು ಮಾತಿಲ್ಲದ ಮನುಷ್ಯ, ಈ ತಮಾಷೆಗೆ ತಾನೂ ನಗುತ್ತಿದ್ದ.

ಇಬ್ಬರು ಹೆಂಗಸರೂ ಒಂದೇ ಮುದ್ರಣಾಲಯದಲ್ಲಿ ದುಡಿದವರು. ಒಬ್ಬಳು ಪುಸ್ತಕ ಕಟ್ಟುವ ವಿಭಾಗದಲ್ಲಿ, ಇನ್ನೊಬ್ಬಳು ಕಟ್ಟುಗಳನ್ನು ತೂಗಿ ಊರೂರಿಗೆ ಕಳಿಸುವ ವಿಭಾಗದಲ್ಲಿ. "ನಮ್ಮ ಬೈಂಡಿಂಗಲ್ಲಿ ಒಬ್ಬಳಿದ್ದಾಳೆ, ಅವಳ ಕೈ ನೋಡಿದ್ರೆ ಸಾಕು, ನೀನು ಮದುವೆ ಆಗ್ತೀಯ" ಎಂದು ಅಣ್ಣನಿಗೆ ಹೇಳಿದವಳು ಈ ನಾದಿನಿಯೇ. ಹತ್ತೊಂಬತ್ತು ವರ್ಷಗಳ ಮೇಲೆ ಮುದ್ರಣಾಲಯ ಬಾಗಿಲು ಹಾಕಿತು. ಇಬ್ಬರೂ ಒಂದೇ ದಿನ, ಒಂದೇ ಬಸ್ಸಿನಲ್ಲಿ, ಡಬ್ಬಿ-ಚೀಲ ಹಿಡಿದು ಮನೆಗೆ ಬಂದರು.

ಹೊಸ ಕಸುಬು ತಾನಾಗಿ ಒದಗಿತು. ಬೀದಿಯ ಕೊನೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಮುದುಕ ತನ್ನ ಅಪ್ಪನ ಕಾಲದ ಕ್ಯಾಮೆರಾ ತಂದು ಮೇಜಿನ ಮೇಲಿಟ್ಟ. ಅಂಥ ಕ್ಯಾಮೆರಾಗಳ ಮುಂದೆ ಹಿಗ್ಗಿ ಕುಗ್ಗುವ ಕಪ್ಪು ತಿದಿಯೊಂದಿರುತ್ತದೆ, ಮಡಿಕೆ ಮಡಿಕೆಯಾಗಿ. ಇದರ ತಿದಿ ಜರಡಿಯಾಗಿತ್ತು. "ಪುಸ್ತಕ ಮಡಚೋ ಕೈ ಇದನ್ನ ಮಡಚಲ್ವಾ?" ಎಂದ. ಬೈಂಡರಮ್ಮ ಹಳೆಯದನ್ನು ಬಿಚ್ಚಿ ಮಡಿಕೆ ಎಣಿಸಿದಳು, ರಟ್ಟಿನ ಪಟ್ಟಿ ಕತ್ತರಿಸಿದಳು, ಕಪ್ಪು ಬಟ್ಟೆಗೂ ತೆಳು ಚರ್ಮಕ್ಕೂ ನಡುವೆ ಅಂಟಿಸಿ ಮಡಚಿದಳು. ಎರಡು ಕೆಟ್ಟವು. ಮೂರನೆಯದು ಮುಚ್ಚಿದ ಪುಸ್ತಕದಂತೆ ಚಪ್ಪಟೆಯಾಗಿ ಕುಳಿತಿತು. ಅದರಲ್ಲೂ ಮುಂದಿನಿಂದ ಐದನೇ ಪಟ್ಟಿ ಒಂದು ಕೂದಲೆಳೆ ಕಿರಿದಾಗಿ ಹೋಗಿತ್ತು. ಆದರೆ ಆ ತಪ್ಪಿನಿಂದಲೇ ತಿದಿ ಸಲೀಸಾಗಿ ಮುಚ್ಚುತ್ತಿದ್ದುದರಿಂದ ಅವಳು ಮುಂದಿನವಕ್ಕೆ ಅಳತೆಯಾಗಿ ಕತ್ತರಿಸಿಟ್ಟ ಅಚ್ಚುರಟ್ಟಿನಲ್ಲಿ ಅದನ್ನು ಹಾಗೇ ಉಳಿಸಿಕೊಂಡಳು.

ನಾದಿನಿ ಫೋಟೋ ತೆಗೆದು ಅಂತರ್ಜಾಲದಲ್ಲಿ ಅಂಗಡಿ ತೆರೆದಳು. ಮೊದಮೊದಲು ಇಡೀ ಜಗತ್ತಿಗೆ ಒಂದೇ ಅಂಚೆದರ ಇಟ್ಟಿದ್ದರು. ಹೊರದೇಶದ ಮೊದಲ ಆರ್ಡರ್ ಬಂದದ್ದು ಸಮುದ್ರದ ನಡುವಿನ ಯಾವುದೋ ದ್ವೀಪದಿಂದ. ಕೌಂಟರಿನವನು ಹೇಳಿದ ಮೊತ್ತ, ಗಿರಾಕಿಯಿಂದ ಅವರು ಪಡೆದಿದ್ದಕ್ಕಿಂತ ದುಪ್ಪಟ್ಟು. ಇಬ್ಬರೂ ಅಂಚೆಕಚೇರಿಯ ಮೆಟ್ಟಿಲ ಮೇಲೆ ಕುಳಿತು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು.

"ಅತ್ತಿಗೆ, ನಾವು ಅವನಿಗೆ ತಿದಿ ಮಾರಲಿಲ್ಲ, ದಾನ ಮಾಡಿದ್ವಿ."

"ಪುಣ್ಯ ಬರತ್ತೆ ಬಿಡು."

"ಪುಣ್ಯಕ್ಕೆ ಸ್ಟ್ಯಾಂಪ್ ಅಂಟಿಸಕ್ಕಾಗಲ್ಲ."

ಮರುದಿನದಿಂದ ನಾದಿನಿ ಒಂದು ವಾರ ನೋಟುಪುಸ್ತಕ ಹಿಡಿದು ಅದೇ ಕೌಂಟರಿನ ಮುಂದೆ ನಿಂತಳು. ಜಗತ್ತನ್ನು ನಾಲ್ಕು ವಲಯ ಮಾಡಿದಳು. ತೂಕವನ್ನು ಮೆಟ್ಟಿಲು ಮೆಟ್ಟಿಲಾಗಿ ಒಡೆದಳು. ಒಂದು ರಟ್ಟಿನಲ್ಲಿ ಸೀಳು ಕತ್ತರಿಸಿ, ಪೊಟ್ಟಣ ಆ ಸೀಳಿನಲ್ಲಿ ತೂರಿದರೆ ಕಾಗದದ ದರ, ತೂರದಿದ್ದರೆ ಪಾರ್ಸೆಲ್ಲಿನ ದರ ಎಂದು ಲೆಕ್ಕ ಹಿಡಿದಳು. ಎರಡು ಗಟ್ಟಿ ರಟ್ಟುಗಳ ನಡುವೆ ತಿದಿಯನ್ನು ಒತ್ತಿ, ಆ ಸೀಳಿನಲ್ಲಿ ಬೆಣ್ಣೆಯಿಂದ ಕೂದಲೆಳೆದಂತೆ ದಾಟಿಸುವ ಉಪಾಯವೂ ಅವಳದೇ. ಗಿರಾಕಿಗಳ ಪತ್ರಕ್ಕೆ ಉತ್ತರಿಸುವುದು, ದರದ ಪಟ್ಟಿ ನೋಡಿಕೊಳ್ಳುವುದು ಅವಳ ಪಾಲಾಯಿತು. ಮಡಚುವುದು ಅತ್ತಿಗೆಯ ಪಾಲಾಯಿತು. ಆರು ವರ್ಷ ಹೀಗೆ ಚೆನ್ನಾಗಿಯೇ ನಡೆಯಿತು. ಅರ್ಧಕ್ಕರ್ಧ ಆರ್ಡರು ಮೂರನೇ ವಲಯದ ಒಂದೇ ದೇಶದಿಂದ ಬರುತ್ತಿತ್ತು. ಅಲ್ಲಿನವರಿಗೆ ಹಳೆಯ ಕ್ಯಾಮೆರಾಗಳ ಹುಚ್ಚು.

ಏಳನೇ ವರ್ಷ ಆ ದೇಶದ ಆರ್ಡರುಗಳು ನಿಂತುಹೋದವು. ಕಡಿಮೆಯಾಗುತ್ತ ಬಂದು ನಿಂತದ್ದಲ್ಲ, ನಲ್ಲಿ ತಿರುಗಿಸಿದಂತೆ ನಿಂತವು.

"ಅಲ್ಲಿ ಜನ ಕೈ ಬಿಗಿ ಹಿಡಿದಿದ್ದಾರೆ ಅತ್ತಿಗೆ. ಎಲ್ಲಾ ಕಡೆ ಹಂಗೇ ಇದೆ" ಎಂದಳು ನಾದಿನಿ.

ಬೈಂಡರಮ್ಮನಿಗೆ ಸಮಾಧಾನವಾಗಲಿಲ್ಲ. ತನ್ನ ಕೈಯೇ ಕೆಟ್ಟಿದೆಯೆಂದು ಅವಳಿಗನ್ನಿಸಿತು. ವಯಸ್ಸು ಐವತ್ತು ದಾಟಿತ್ತು, ಹೆಬ್ಬೆರಳ ಗಂಟು ನೋಯುತ್ತಿತ್ತು. ಎಲ್ಲೋ ಸೂಜಿಮೊನೆಯಷ್ಟು ತೂತು ಉಳಿದು ಬೆಳಕು ಸೋರುತ್ತಿರಬೇಕು, ಅದಕ್ಕೇ ಜನ ದೂರವಾಗಿದ್ದಾರೆ. ಹಗಲಿನಲ್ಲೇ ಕಿಟಕಿ ಬಾಗಿಲು ಮುಚ್ಚಿ, ಸಿದ್ಧವಾದ ಪ್ರತಿಯೊಂದು ತಿದಿಯೊಳಗೂ ಪುಟ್ಟ ಬಲ್ಬು ಇಳಿಸಿ, ಒಂದೊಂದು ಮೂಲೆಯನ್ನೂ ಕಣ್ಣಿಗೆ ತಾಗಿಸಿ ನೋಡುತ್ತಿದ್ದಳು. ಬಲ್ಬು ಹಿಡಿದುಕೊಳ್ಳಲು ನಾದಿನಿ ಮೇಲಿನಿಂದ ಇಳಿದು ಬರುತ್ತಿದ್ದಳು. "ಇಲ್ಲಿ ಸ್ವಲ್ಪ ತಿರುಗಿಸು. ಏನಾದ್ರೂ ಕಾಣತ್ತಾ?" "ಏನೂ ಇಲ್ಲ ಅತ್ತಿಗೆ." "ಸರಿಯಾಗಿ ನೋಡೇ." ತಿಂಗಳುಗಟ್ಟಲೆ ಹೀಗೆ ನೋಡಿದರು. ತೂತು ಸಿಗಲಿಲ್ಲ. ಸಿಗದಿದ್ದುದರಿಂದಲೇ ಬೈಂಡರಮ್ಮನ ಭಯ ಹೆಚ್ಚಾಯಿತು. ಎರಡು ಸಲ ಅಂಟು ಬದಲಾಯಿಸಿದಳು, ಕನ್ನಡಕ ಬದಲಾಯಿಸಿದಳು. ಕೊನೆಗೆ ಹತ್ತಿರದ ಶಾಲೆಯೊಂದರ ಹರಿದ ಪಠ್ಯಪುಸ್ತಕಗಳನ್ನು ಕಟ್ಟಿಕೊಡಲು ಒಪ್ಪಿಕೊಂಡಳು.

ಆಗ ನಾದಿನಿಗೆ ಕಾಮಾಲೆಯಾಯಿತು. ಅದೇ ತಿಂಗಳು ಅಂಚೆಯ ದರಗಳೂ ಏರುವುದರಲ್ಲಿದ್ದವು. ಕೌಂಟರಿನಲ್ಲಿ ಚೀಟಿ ಅಂಟಿಸಿದ್ದರು.

"ನೀವು ಅದರ ತಂಟೆಗೆ ಹೋಗಬೇಡಿ ಅತ್ತಿಗೆ. ನಾನೆದ್ದ ಮೇಲೆ ಮಾಡ್ತೀನಿ" ಎಂದಳು ಹಾಸಿಗೆಯಿಂದಲೇ.

ಕಾಯಿಲೆಯವಳಿಗೇಕೆ ತೊಂದರೆ ಎಂದು ಬೈಂಡರಮ್ಮ ತಾನೇ ಅಂಚೆಕಚೇರಿಗೆ ಹೋಗಿ ಹೊಸ ದರಗಳನ್ನು ಬರೆದುಕೊಂಡು ಬಂದಳು. ಕಂಪ್ಯೂಟರು ಅವಳ ಕೆಲಸದ ಕೋಣೆಯಲ್ಲೇ ಇತ್ತು. ಗುಪ್ತಪದ ನೋಟುಪುಸ್ತಕದ ಹಿಂಬದಿಯಲ್ಲಿತ್ತು. ಅವರ ನಡುವೆ ಗುಟ್ಟು ಎಂಬುದೇ ಇರಲಿಲ್ಲವಲ್ಲ. ಪಟ್ಟಿ ತೆರೆದು ಒಂದೊಂದೇ ಅಂಕಿ ತಿದ್ದುತ್ತ ಹೋದಳು. ಮೂರನೇ ವಲಯಕ್ಕೆ ಬಂದಾಗ ಆ ಒಂದು ದೇಶಕ್ಕೆ ಮಾತ್ರ ಪ್ರತ್ಯೇಕ ಸಾಲು ಕಂಡಿತು. ಅಲ್ಲಿದ್ದ ದರ ಉಳಿದವಕ್ಕಿಂತ ನಾಲ್ಕು ಪಟ್ಟು, ತಿದಿಯ ಬೆಲೆಗಿಂತಲೂ ಹೆಚ್ಚು.

ಅವಳಿಗೆ ನಗು ಬಂತು. ಪಾಪ, ಅವಸರದಲ್ಲಿ ಯಾವಾಗಲೋ ತಪ್ಪು ಒತ್ತಿದ್ದಾಳೆ, ನಾವು ಅಂಟನ್ನು ಬೈಯುತ್ತ ಕೂತಿದ್ದೆವು ಎಂದುಕೊಂಡು ಸಾಲನ್ನು ಅಳಿಸಿ ಹೊಸ ದರ ಹಾಕಿದಳು. ಮರುದಿನವೇ ಅಲ್ಲಿಂದ ಎರಡು ಆರ್ಡರು ಬಂದವು. ಅದರ ಮರುದಿನ ಒಂದು. ನಾದಿನಿ ಹುಷಾರಾದ ಮೇಲೆ ಹೇಳಿ ಅವಳನ್ನು ಬೆರಗುಗೊಳಿಸಬೇಕೆಂದು ಸುಮ್ಮನಿದ್ದಳು.

ನಾಲ್ಕನೇ ದಿನ ಒಂದು ಪತ್ರ ಬಂತು. ಬರೆದವರು ಆ ದೇಶದ ಕ್ಯಾಮೆರಾ ರಿಪೇರಿಯವರು, ಮೊದಲ ವರ್ಷದಿಂದಲೂ ಗಿರಾಕಿ. ಕೊನೆಗೂ ದರ ಇಳಿಸಿದ್ದಕ್ಕೆ ಸಂತೋಷ ಎಂದು ಬರೆದಿದ್ದರು. ತಾನು ಎರಡು ಸಲ ಈ ಬಗ್ಗೆ ಕೇಳಿದ್ದಾಗಿಯೂ, ದರ ಸರಿಯಾಗಿಯೇ ಇದೆ, ದುಬಾರಿ ಎನಿಸಿದರೆ ನಿಮ್ಮಲ್ಲೇ ಇರುವ ಇಂಥ ವ್ಯಾಪಾರಿಯಿಂದ ಕೊಳ್ಳಿ ಎಂದು 'ನಿಮ್ಮ ಜೊತೆಯವರು' ಉತ್ತರಿಸಿದ್ದಾಗಿಯೂ ಬರೆದಿದ್ದರು. ಆ ವ್ಯಾಪಾರಿಯಿಂದ ಎರಡು ಕೊಂಡರಂತೆ. ಎರಡೂ ಮೂಲೆಯಲ್ಲಿ ಬಿರಿದವಂತೆ. ಅವೂ ನಿಮ್ಮವೇ ಎಂದು ತಿಳಿದು, ನೀವು ಬಟ್ಟೆ ಬದಲಾಯಿಸಿದಿರಾ ಎಂದು ಕೇಳಿ ಫೋಟೋ ಕಳಿಸಿದ್ದರು. ಬಿಚ್ಚಿ ಹರಡಿದ ತಿದಿ. ಬೈಂಡರಮ್ಮ ಫೋಟೋವನ್ನು ದೊಡ್ಡದು ಮಾಡಿ ಮುಂದಿನಿಂದ ಪಟ್ಟಿಗಳನ್ನು ಎಣಿಸಿದಳು. ಐದನೆಯದು ಕೂದಲೆಳೆಯಷ್ಟು ಕಿರಿದಾಗಿತ್ತು.

ಅವಳು ಎದ್ದು ಅಚ್ಚುರಟ್ಟುಗಳ ಕಪಾಟು ತೆರೆದಳು. ಎಲ್ಲವೂ ಇದ್ದವು. ಯಾರೂ ಕದ್ದಿರಲಿಲ್ಲ. ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದುಕೊಂಡರೆ ನಕಲಿಗೆ ಸಾಕಲ್ಲ.

ಆ ದಿನ ಗಂಡನಿಗೆ ವಾರದ ರಜೆ. ಮಧ್ಯಾಹ್ನ ಊಟಕ್ಕೆ ಕೂತಾಗಲೂ ಅವಳ ಮನಸ್ಸು ಬೇರೊಂದು ಅರ್ಥ ಹುಡುಕುತ್ತಿತ್ತು. ನಾದಿನಿಯ ಹೆಸರಿನಲ್ಲಿ ಬೇರೆ ಯಾರೋ ಪತ್ರ ಬರೆದಿರಬಹುದು, ಆ ವ್ಯಾಪಾರಿಯೇ ಒಂದು ತಿದಿ ಕೊಂಡು ಬಿಚ್ಚಿ ನೋಡಿರಬಹುದು. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ, "ಮೂರನೇ ವಲಯದಿಂದ ಮತ್ತೆ ಆರ್ಡರ್ ಬರ್ತಿವೆ" ಎಂದಷ್ಟೇ ಹೇಳಿದಳು.

ಗಂಡನ ಕೈ ತಟ್ಟೆಯಲ್ಲೇ ನಿಂತಿತು. "ನೀನು ದರ ಬದಲಾಯಿಸಿದ್ಯಾ?" ಎಂದ.

ದರದ ಮಾತನ್ನು ಅವಳು ಎತ್ತಿಯೇ ಇರಲಿಲ್ಲ.

ಅವನು ನೀರು ಕುಡಿದ. ಲೋಟ ಖಾಲಿಯಾದ ಮೇಲೂ ತುಟಿಗೆ ಹಿಡಿದುಕೊಂಡೇ ಇದ್ದ.

"ಯಾವಾಗಿಂದ ಗೊತ್ತು?"

"ನಾಲ್ಕು ತಿಂಗಳಾಯ್ತು. ನಾನೇ ಹೇಳೋಣ ಅಂತಿದ್ದೆ. ಅವಳೇ ಹೇಳ್ತೀನಿ ಅಂದ್ಲು. ನಿಮ್ಮಿಬ್ಬರ ಮಧ್ಯ ನಾನ್ಯಾಕೆ ಅಂತ..."

"ನಾನು ಬಾಗಿಲು ಹಾಕ್ಕೊಂಡು ತೂತು ಹುಡುಕ್ತಿದ್ದೆ. ನೀವೇ ಕರ್ಕೊಂಡು ಹೋಗಿ ನನಗೆ ಕನ್ನಡಕ ಮಾಡಿಸಿದ್ರಿ."

ಅವಳು ಕೈ ತೊಳೆದು ಮೇಲೆ ಹೋದಳು.

ನಾದಿನಿ ದಿಂಬಿಗೆ ಒರಗಿ ಕೂತಿದ್ದಳು. ಕಣ್ಣು ಇನ್ನೂ ಹಳದಿಯಿತ್ತು. ಅತ್ತಿಗೆಯ ಮುಖ ನೋಡಿದ್ದೇ ತಿಳಿದುಕೊಂಡಳು. ಸುಳ್ಳು ಹೇಳಲು ಹೋಗಲಿಲ್ಲ.

"ಕೂತ್ಕೊಳ್ಳಿ."

"ನಿಂತೇ ಕೇಳ್ತೀನಿ."

ಆ ವ್ಯಾಪಾರಿ ಸಾವಿರಗಟ್ಟಲೆ ಬೇಕೆಂದು ಬರೆದಿದ್ದನಂತೆ. ಕೈಯಲ್ಲಿ ಮಡಚಿ ಅಷ್ಟು ಕೊಡಲಾಗದು ಎಂದು ಅತ್ತಿಗೆ ಅನ್ನುತ್ತಾಳೆಂದು ಇವಳಿಗೆ ಗೊತ್ತಿತ್ತು. ಅಚ್ಚುಗಳ ನಕಲು ಕಳಿಸಿದಳು. ಅವನು ಎಲ್ಲೋ ಯಂತ್ರದಲ್ಲಿ ಮಾಡಿಸಿದ. ಒಂದೇ ಷರತ್ತು ಹಾಕಿದ್ದ: ಆ ದೇಶಕ್ಕೆ ಇಲ್ಲಿಂದ ನೇರ ಮಾರಾಟ ಇರಕೂಡದು.

"ದೇಶದ ಹೆಸರೇ ತೆಗೆದುಬಿಟ್ರೆ ನಿಮಗೆ ಗೊತ್ತಾಗ್ತಿತ್ತು. ಅದಕ್ಕೇ ದರ ಏರಿಸಿದೆ. ಅಂಗಡಿ ಮುಚ್ಚಲಿಲ್ಲ ಅತ್ತಿಗೆ, ಹೊಸಿಲು ಸ್ವಲ್ಪ ಎತ್ತರ ಮಾಡಿದೆ ಅಷ್ಟೆ."

"ನನ್ನನ್ನ ಕೇಳಬಹುದಿತ್ತು."

"ಕೇಳಿದ್ರೆ ಬೇಡ ಅಂತಿದ್ರಿ. ಆರು ವರ್ಷದಿಂದ ಪತ್ರ ಓದ್ತಿದ್ದೀನಿ ನಾನು. 'ಎಂಥ ಕೈ, ಎಂಥ ಮಡಿಕೆ.' ಒಬ್ಬನಾದ್ರೂ ಪ್ಯಾಕಿಂಗ್ ಚೆನ್ನಾಗಿದೆ ಅಂತ ಬರೆದಿದ್ದಾನಾ? ಒಂದು ಪೊಟ್ಟಣಾನೂ ದಾರೀಲಿ ಮುರೀಲಿಲ್ಲ, ಅದನ್ನ ಯಾರು ನೋಡಿದ್ರು? ನಂದು ಅಂತ ಒಂದು ವ್ಯವಹಾರ ಬೇಕು ಅನ್ನಿಸ್ತು. ತಪ್ಪಾ?"

"ಅದು ತಪ್ಪಲ್ಲ" ಎಂದಳು ಬೈಂಡರಮ್ಮ. "ಬಲ್ಬ್ ಹಿಡ್ಕೊಂಡಿದ್ದೆಯಲ್ಲ, ಅದು. ನನ್ನ ಕೈ ಸತ್ತುಹೋಯ್ತು ಅಂತ ನಾನು ಅಳ್ತಿದ್ದಾಗ ಪಕ್ಕದಲ್ಲಿ ನಿಂತು, 'ಏನೂ ಕಾಣ್ತಿಲ್ಲ ಅತ್ತಿಗೆ' ಅಂತಿದ್ದೆಯಲ್ಲ. ಅದನ್ನ ಹೇಗೆ ಮಾಡಿದೆ? ಒಂದು ದಿನ ತಲೆನೋವು ಅಂತ ಹೇಳಿ ಬರದೇ ಇರಬಹುದಿತ್ತಲ್ಲೇ."

ನಾದಿನಿ ಮುಖ ತಿರುಗಿಸಿದಳು. "ಬರದೇ ಇದ್ರೆ ನಿಮಗೆ ಅನುಮಾನ ಬರ್ತಿತ್ತು" ಎಂದಳು.

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ವಿಷಯ ತಿಳಿದ ಸ್ಟುಡಿಯೋ ಮುದುಕ ವಕೀಲರ ಹೆಸರು ಹೇಳಿದ. ಮಡಿಕೆ ಯಾರ ಹೆಸರಿನಲ್ಲೂ ನೋಂದಣಿಯಾಗಿರಲಿಲ್ಲ. ಮನೆಯವರನ್ನು ಕಟಕಟೆಗೆ ಎಳೆಯುವ ಮನಸ್ಸೂ ಅವಳಿಗಿರಲಿಲ್ಲ. ಮುದುಕನ ಸ್ಟುಡಿಯೋದ ಹಿಂದಿನ ಕೋಣೆ ಖಾಲಿಯಿತ್ತು. ಒಂದು ಬೆಳಗ್ಗೆ ಕತ್ತರಿ, ಅಂಟಿನ ಡಬ್ಬಿ, ಅಚ್ಚುರಟ್ಟುಗಳನ್ನೆಲ್ಲ ಕೈಗಾಡಿಯಲ್ಲಿ ಹೇರಿಕೊಂಡು ಅಲ್ಲಿಗೆ ಹೋದಳು. ಗಂಡ ಮೇಜಿನ ಒಂದು ತುದಿ ಹಿಡಿಯಲು ಬಂದ. ಬೇಡ ಎನ್ನಲಿಲ್ಲ. ಮೇಜು ಭಾರವಿತ್ತು.

ರಿಪೇರಿಯವರಿಗೆ ಉತ್ತರ ಬರೆಯಲು ಎರಡು ದಿನ ಹಿಡಿಯಿತು. ಕಂಪ್ಯೂಟರಿನ ದೋಷ ಎಂದು ಬರೆದರೆ ಮುಗಿಯುತ್ತಿತ್ತು. ಹಾಗೆ ಬರೆದೂ ಇದ್ದಳು. ಆಮೇಲೆ ಅಳಿಸಿ, 'ದರವನ್ನು ಬೇಕೆಂದೇ ಏರಿಸಲಾಗಿತ್ತು. ನನಗೆ ಗೊತ್ತಿರಲಿಲ್ಲ. ನಿಮ್ಮಲ್ಲಿ ಬಿರಿದದ್ದು ನನ್ನ ತಿದಿಯಲ್ಲ' ಎಂದು ಬರೆದು ಕಳಿಸಿದಳು. ಅವರು ನಂಬಿದರು. ಎಲ್ಲರೂ ನಂಬಲಿಲ್ಲ. ಆ ವ್ಯಾಪಾರಿಯ ಅಗ್ಗದ ತಿದಿಗಳು ಈಗಲೂ ಮಾರಾಟವಾಗುತ್ತವೆ. ಹಳೆಯ ಗಿರಾಕಿಗಳಲ್ಲಿ ಅರ್ಧದಷ್ಟು ಮಂದಿ ಮರಳಲೇ ಇಲ್ಲ.

ಅಂಚೆದರದ ಪಟ್ಟಿಯನ್ನು ಅವಳೇ ಮೊದಲಿನಿಂದ ಕಲಿತಳು. ತೂಗುವಾಗ ಪ್ಯಾಕಿಂಗ್ ರಟ್ಟಿನ ತೂಕ ಮರೆತು ಎರಡು ಸಲ ಕೈ ಸುಟ್ಟುಕೊಂಡಳು. ಒಂದು ಪೊಟ್ಟಣ ದಾರಿಯಲ್ಲಿ ನಜ್ಜಾಗಿ ಹೋಯಿತು. ಇಷ್ಟು ವರ್ಷಗಳಲ್ಲಿ ಅದೇ ಮೊದಲು. ಅಂದು ಸಂಜೆ ನಾದಿನಿಯ ಮೇಲೆ ಅವಳಿಗೆ ಬಂದ ಸಿಟ್ಟು ಹಿಂದೆಂದೂ ಬಂದಿರಲಿಲ್ಲ. ಅಷ್ಟು ಚೆನ್ನಾಗಿ ಕೆಲಸ ಬಲ್ಲವಳು ಹೀಗೆ ಮಾಡಿದಳಲ್ಲ ಎನ್ನುವ ಸಿಟ್ಟು ಅದು.

ಮೆಟ್ಟಿಲಲ್ಲಿ ಎದುರಾದರೆ ಇಬ್ಬರೂ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ. ಗಂಡ ಕೆಲವು ತಿಂಗಳು ಸುಮ್ಮನಿದ್ದು, ಒಂದು ರಜೆಯ ದಿನ ಸ್ಟುಡಿಯೋಗೇ ಬಂದ.

"ಎಷ್ಟು ದಿನ ಹೀಗೆ? ಮೂರು ಜನವೂ ಒಟ್ಟಿಗೆ ಕೂತು ಊಟ ಮಾಡಿ ಎಷ್ಟು ಕಾಲ ಆಯ್ತು."

ಬೈಂಡರಮ್ಮ ರಟ್ಟಿನ ಪಟ್ಟಿಗೆ ಅಂಟು ಸವರುತ್ತಿದ್ದಳು. "ಅವಳಿಗೆ ಏನೋ ಬೇಕಿತ್ತು, ಮಾಡಿದಳು. ಅದಾದ್ರೂ ನನಗೆ ಅರ್ಥ ಆಗತ್ತೆ. ನಿಮಗೇನು ಸಿಕ್ತು?"

"ಮನೇಲಿ ಜಗಳ ಬೇಡ ಅಂತ..."

"ಜಗಳ ಆಗಲಿಲ್ಲವಲ್ಲ."

ಅಂಟು ಒಣಗುವುದರೊಳಗೆ ಮಡಚಬೇಕಿತ್ತು. ಅವಳು ತಲೆ ಬಗ್ಗಿಸಿ ಮಡಚತೊಡಗಿದಳು. ಮತ್ತೆ ತಲೆ ಎತ್ತಿದಾಗ ಅವನು ಹೋಗಿಯಾಗಿತ್ತು. ಅಂಚೆಕಚೇರಿಯ ಕೌಂಟರು ಮುಚ್ಚಲು ಇನ್ನು ಮುಕ್ಕಾಲು ಗಂಟೆ ಇತ್ತು. ಅವಳು ಚಪ್ಪಲಿ ಮೆಟ್ಟಿಕೊಂಡು ಎರಡು ಪೊಟ್ಟಣ ಎತ್ತಿಕೊಂಡಳು.